ಕೊನೆವರೆಗೆ ಹೋದವನು ಕಳ್ಳನಲ್ಲ

ಸುಗ್ಗಿಯ ದಿನಗಳಲ್ಲಿ ಚನ್ನರಾಯಪಟ್ಟಣದಿಂದ ನುಗ್ಗೇಹಳ್ಳಿ ಮೇಲೆ ತಿಪಟೂರಿನ ಕಡೆ ಗಾಡಿ ಓಡಿಸಿದವರಿಗೆ ಈ ನೋಟ ಹೊಸದಲ್ಲ. ಟಾರು ರಸ್ತೆಯ ಅರ್ಧಕ್ಕೆ ರಾಗಿಯನ್ನೋ ಹುರುಳಿಯನ್ನೋ ಹರವಿ, ಅಂಚಿಗೆ ನಾಲ್ಕು ಕಲ್ಲು ಇಟ್ಟಿರುತ್ತಾರೆ. ಬಸ್ಸು ಲಾರಿಗಳ ಚಕ್ರವೇ ಒಕ್ಕಣೆ ಮಾಡಿಕೊಡಲಿ ಎಂಬ ಲೆಕ್ಕ. ಬೈಕಿನವರಿಗೆ ಇದು ಅಪಾಯ, ಪೊಲೀಸರು ಬೇಡವೆನ್ನುತ್ತಾರೆ, ಆದರೂ ನಡೆಯುತ್ತದೆ. ಎರಡು ಗಾಡಿಯ ಅಗಲ ಒಂದಕ್ಕೆ ಇಳಿದ ಆ ಜಾಗದಲ್ಲಿ ಜಗಳ ಮಾತ್ರ ಅಪರೂಪ. ಎದುರಿನಿಂದ ಬಸ್ಸು ಬಂದರೆ ಕಾರಿನವನು ನಿಲ್ಲುತ್ತಾನೆ, ಬಸ್ಸು ಹೋದ ಮೇಲೆ ಹೊರಡುತ್ತಾನೆ.

ಅದೇ ಕಾರಿನವನು ಹಬ್ಬ ಮುಗಿಸಿ, ಹಿಂದಿನ ಸೀಟಿನಲ್ಲಿ ತೆಂಗಿನಕಾಯಿ ಚೀಲ ಇಟ್ಟುಕೊಂಡು, ಹಿರೀಸಾವೆ, ಬೆಳ್ಳೂರು ಕ್ರಾಸ್, ಕುಣಿಗಲ್ ದಾಟಿ ಭಾನುವಾರ ಸಂಜೆ ನೆಲಮಂಗಲ ಮುಟ್ಟುವಾಗ ಬೇರೆಯೇ ಮನುಷ್ಯ. ಹಾಸನದ ಕಡೆಯ 75ನೇ ಹೆದ್ದಾರಿ ಅಲ್ಲಿ ತುಮಕೂರು ಕಡೆಯಿಂದ ಬರುವ 48ನೇ ಹೆದ್ದಾರಿಯನ್ನು ಸೇರುತ್ತದೆ. ಹುಬ್ಬಳ್ಳಿ, ಚಿತ್ರದುರ್ಗ, ಶಿವಮೊಗ್ಗದವರೆಲ್ಲ ಆ ಕಡೆಯಿಂದ. ಮಂಗಳೂರು, ಸಕಲೇಶಪುರ, ಹಾಸನದವರೆಲ್ಲ ಈ ಕಡೆಯಿಂದ. ಮುಂದೆ ಗೊರಗುಂಟೆಪಾಳ್ಯದಲ್ಲಿ ಮೇಲ್ಸೇತುವೆ ಇಳಿದು ಕೆಳಗಿನ ರಸ್ತೆಗೆ ಕೂಡುವಲ್ಲಿ ಇದೇ ಕಥೆ ಇನ್ನೊಂದು ಸಲ.

ಇಂಥ ಕಡೆ ಚಾಲಕರು ಎರಡು ಜಾತಿ. ಒಬ್ಬರು ದೂರದಿಂದಲೇ ಪಥ ಮುಗಿಯುತ್ತದೆಂದು ತಿಳಿದು, ಸಭ್ಯತೆಯಿಂದ ಪಕ್ಕದ ಸಾಲಿಗೆ ಬಂದು ನಿಲ್ಲುವವರು. ಇನ್ನೊಬ್ಬರು ಖಾಲಿಯಾದ ಪಥದಲ್ಲಿ ಭರ್ರೆಂದು ಕೊನೆಯವರೆಗೆ ಹೋಗಿ ಅಲ್ಲಿ ಮೂತಿ ತೂರಿಸುವವರು. ಎರಡನೆಯವರನ್ನು ಮೊದಲನೆಯವರು ಮನಸ್ಸಿನಲ್ಲಿ, ಕೆಲವೊಮ್ಮೆ ಬಾಯಲ್ಲೇ, ಬಯ್ಯುತ್ತಾರೆ. ಸಂಚಾರ ವಿಜ್ಞಾನದ ಲೆಕ್ಕ ಈ ಬೈಗುಳಕ್ಕೆ ಸೊಪ್ಪು ಹಾಕುವುದಿಲ್ಲ.

ಲೆಕ್ಕ ಸುಲಭ. ಮುಂದಿನ ಗಾಡಿಗೂ ನಮಗೂ ಎರಡು ಸೆಕೆಂಡಿನ ಅಂತರ ಇರಬೇಕೆಂಬುದು ಸುರಕ್ಷತೆಯ ಸಾಮಾನ್ಯ ನಿಯಮ. ಹಾಗಾದರೆ ಒಂದು ಪಥದಲ್ಲಿ ಗಂಟೆಗೆ 3,600ನ್ನು 2ರಿಂದ ಭಾಗಿಸಿದಷ್ಟು, ಅಂದರೆ 1,800 ಕಾರು ಸಾಗುತ್ತವೆ. ಎರಡು ಪಥ ಒಂದಾಗುವ ಕಡೆಗೆ ಗಂಟೆಗೆ 2,400 ಕಾರು ಬರುತ್ತಿವೆ ಎಂದುಕೊಳ್ಳಿ. ಗಂಟೆ ಕಳೆಯುವಷ್ಟರಲ್ಲಿ 600 ಕಾರು ಉಳಿದುಬಿಡುತ್ತವೆ. ನಿಂತ ಕಾರಿಗೆ ಏಳೂವರೆ ಮೀಟರ್ ಜಾಗವೆಂದರೆ ಒಂದೇ ಸಾಲಿನಲ್ಲಿ ಅದು ನಾಲ್ಕೂವರೆ ಕಿಲೋಮೀಟರ್ ಬಾಲ. ಎರಡೂ ಪಥದಲ್ಲಿ ನಿಂತರೆ ಎರಡೂಕಾಲು ಕಿಲೋಮೀಟರ್. ಕೊನೆಯವನು ಕಾಯುವ ಹೊತ್ತು ಎರಡರಲ್ಲೂ ಒಂದೇ, 20 ನಿಮಿಷ. ಏಕೆಂದರೆ ದಾರಿ ಬಿಡುವುದು ಆ ಇಕ್ಕಟ್ಟಿನ ಬಾಯಿ, ಸಾಲಿನ ಆಕಾರವಲ್ಲ. ಆದರೆ ನಾಲ್ಕೂವರೆ ಕಿಲೋಮೀಟರ್ ಬಾಲ ಹಿಂದಿನ ಕ್ರಾಸುಗಳನ್ನೆಲ್ಲ ನುಂಗಿ, ಬೆಂಗಳೂರಿಗೆ ಹೋಗಬೇಕಿಲ್ಲದವರನ್ನೂ, ಪಕ್ಕದ ಹಳ್ಳಿಗೆ ತಿರುಗಬೇಕಾದ ಟ್ರ್ಯಾಕ್ಟರಿನವನನ್ನೂ ಕಟ್ಟಿಹಾಕುತ್ತದೆ. ಖಾಲಿ ಬಿಟ್ಟ ಪಥ ಯಾರ ಪುಣ್ಯದ ಖಾತೆಗೂ ಜಮೆಯಾಗುವುದಿಲ್ಲ.

ಜರ್ಮನಿಯ ಸಂಚಾರ ನಿಯಮಾವಳಿಯಲ್ಲಿ ಇದು ಬರೆದಿಟ್ಟ ಕಾನೂನು. ಪಥ ಮುಗಿಯುವ ತನಕ ಎರಡೂ ಸಾಲು ಸಾಗಬೇಕು, ಅಲ್ಲಿ ಇತ್ತಲಿಂದೊಂದು ಅತ್ತಲಿಂದೊಂದು, ಜಿಪ್ಪಿನ ಹಲ್ಲುಗಳ ಹಾಗೆ ಕೂಡಬೇಕು. ಅಮೆರಿಕದ ಮಿನ್ನೆಸೋಟ ರಾಜ್ಯದ ಸಾರಿಗೆ ಇಲಾಖೆ ರಸ್ತೆ ಕಾಮಗಾರಿಯ ಕಡೆ ಇದನ್ನೇ ಪ್ರಚಾರ ಮಾಡುತ್ತದೆ. ಸಾಲಿನ ಉದ್ದ ಶೇ. 40ರವರೆಗೆ ತಗ್ಗುತ್ತದೆ ಎನ್ನುತ್ತದೆ. ಗಾಡಿಗಳು ವಿರಳವಾಗಿ ವೇಗದಲ್ಲಿ ಓಡುತ್ತಿರುವಾಗ ಈ ಪಾಠ ಬೇಡ. ಆಗ ಸಂದು ಕಂಡ ಕಡೆ ಮೊದಲೇ ಪಕ್ಕಕ್ಕೆ ಬರುವುದೇ ಸರಿ.

ಹಾಗಾದರೆ ನುಗ್ಗುವವರೇ ಗೆದ್ದರೇ? ಇಲ್ಲ. ಕೊನೆಯವರೆಗೆ ಹೋಗುವ ಅರ್ಧ ಪಾಠವನ್ನು ನಮ್ಮವರು ಯಾರೂ ಹೇಳಿಕೊಡದೆ ಕಲಿತಿದ್ದಾರೆ. ಟೋಲ್ ದಾಟಿದ ಜಾಗ ನೋಡಿ. ಕಡಬಹಳ್ಳಿಯಲ್ಲೋ ಶಾಂತಿಗ್ರಾಮದಲ್ಲೋ ಹಲವು ಗೇಟುಗಳಿಂದ ಹೊರಬಿದ್ದವರೆಲ್ಲ ಎರಡೇ ಪಥಕ್ಕೆ ಕೂಡಬೇಕು. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಗೇಟಿನ ಮುಂದೆ ಚಿಲ್ಲರೆಗೆ ಕಾಯುವುದು ತಪ್ಪಿತು, ಗೇಟಿನ ಆಚೆಯ ಮೇಲಾಟ ತಪ್ಪಲಿಲ್ಲ. ಒಂದಿಂಚು ಜಾಗವನ್ನೂ ಅಲ್ಲಿ ಯಾರೂ ಖಾಲಿ ಬಿಡುವುದಿಲ್ಲ. ಬೈಕುಗಳಂತೂ ಪಥದ ಗೆರೆಯನ್ನೇ ಮೂರನೆಯ ಪಥ ಮಾಡಿಕೊಂಡಿರುತ್ತವೆ. ನಮ್ಮಲ್ಲಿ ಬಾರದೇ ಉಳಿದದ್ದು ಉಳಿದರ್ಧ, ಸರದಿ. ಇಬ್ಬರೂ ಒಟ್ಟಿಗೆ ಮೂತಿ ಹಾಕುತ್ತಾರೆ, ಇಬ್ಬರೂ ಬ್ರೇಕ್ ಒತ್ತುತ್ತಾರೆ, ಅವರ ಹಿಂದಿನವರೂ ಒತ್ತುತ್ತಾರೆ.

ಆ ಬ್ರೇಕಿನ ಬೆಲೆ ದೊಡ್ಡದು. ದಟ್ಟಣೆ ಒಮ್ಮೆ ಕಟ್ಟಿಕೊಂಡರೆ ಇಕ್ಕಟ್ಟಿನ ಬಾಯಿಂದ ಹೊರಬರುವ ಗಾಡಿಗಳ ಸಂಖ್ಯೆಯೇ ಇಳಿದುಹೋಗುತ್ತದೆಂದು ಹಲವು ದೇಶಗಳ ಹೆದ್ದಾರಿಗಳಲ್ಲಿ ಅಳೆದು ನೋಡಿದ್ದಾರೆ. ಮೇಲಿನ ಲೆಕ್ಕದಲ್ಲಿ 1,800 ಇದ್ದದ್ದು ಶೇ. 10ರಷ್ಟು ಇಳಿದು 1,620 ಆಯಿತೆನ್ನಿ. ಗಂಟೆಯ ಕೊನೆಗೆ ಸಾಲಿನಲ್ಲಿ 600ರ ಬದಲು 780 ಕಾರು, ಕಾಯುವ ಹೊತ್ತು 20 ನಿಮಿಷದಿಂದ ಸುಮಾರು 29 ನಿಮಿಷ. ರಸ್ತೆ ಅಷ್ಟೇ ಅಗಲ, ಗಾಡಿಗಳೂ ಅಷ್ಟೇ.

ಇನ್ನೂ ವಿಚಿತ್ರವೆಂದರೆ ದಟ್ಟಣೆಗೆ ಇಕ್ಕಟ್ಟೇ ಇರಬೇಕೆಂದಿಲ್ಲ. ಜಪಾನಿನ ಯೂಕಿ ಸುಗಿಯಾಮ ಮತ್ತು ಸಂಗಡಿಗರು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಬಿಟ್ಟು, ಗಂಟೆಗೆ 30 ಕಿ.ಮೀ. ವೇಗದಲ್ಲಿ ಸುತ್ತುತ್ತಿರಿ ಎಂದರು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಅಡ್ಡ ಬರುವ ಎಮ್ಮೆ ಇಲ್ಲ. ಸ್ವಲ್ಪ ಹೊತ್ತಿಗೆ ಯಾರೋ ಒಬ್ಬರು ತುಸು ನಿಧಾನಿಸಿದರು, ಹಿಂದಿನವರು ಇನ್ನೂ ತುಸು ಹೆಚ್ಚು ನಿಧಾನಿಸಿದರು, ಕೆಲವು ಕಾರುಗಳು ನಿಂತೇಬಿಟ್ಟವು. ನಿಂತ ಆ ಗುಂಪು ಒಂದು ಅಲೆಯಾಗಿ, ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಮ್ಮುಖವಾಗಿ ಸುತ್ತತೊಡಗಿತು. 2008ರಲ್ಲಿ ಪ್ರಕಟವಾದ ಈ ಪ್ರಯೋಗದ ವಿಡಿಯೊ ನೋಡಿದರೆ ನಮ್ಮ ಅರ್ಧ ಸಿಟ್ಟಿಗೆ ಗುರಿಯೇ ಇರುವುದಿಲ್ಲ. ಹೆದ್ದಾರಿ ತುಂಬಿ ಹರಿಯುತ್ತಿರುವ ಸಂಜೆ ನೆಲಮಂಗಲದಲ್ಲಿ ಒಬ್ಬ ಒತ್ತಿದ ಬ್ರೇಕು ಒಂದು ಗಂಟೆಯ ನಂತರ ಸೋಲೂರಿನ ಆಸುಪಾಸಿನಲ್ಲಿ ಇನ್ನೊಬ್ಬನನ್ನು ನಿಲ್ಲಿಸಬಹುದು. ನಿಂತವನು ಮುಂದೆ ಅಪಘಾತವಾಗಿದೆಯೇನೋ ಎಂದು ಕಿಟಕಿಯಿಂದ ಕತ್ತು ಚಾಚುತ್ತಾನೆ. ಒತ್ತಿದವನು ಅಷ್ಟು ಹೊತ್ತಿಗೆ ಮನೆ ಸೇರಿರುತ್ತಾನೆ.

ಅಲೆಯನ್ನು ಸಾಯಿಸುವುದು ಗಾಡಿಗಳ ನಡುವಿನ ಸಂದು. ಸಂದು ಇದ್ದರೆ ಮುಂದಿನವನು ನಿಧಾನಿಸಿದಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಬ್ರೇಕ್ ಬೇಕಿಲ್ಲ. 'ಸಂದು ಬಿಟ್ಟರೆ ಆಟೊದವನು ತೂರುತ್ತಾನೆ' ಎಂಬ ಆಕ್ಷೇಪ ನ್ಯಾಯವಾದದ್ದೇ. ತೂರಲಿ. ಒಬ್ಬ ತೂರಿದರೆ ನಮಗೆ ಹೋಗುವುದು ಎರಡು ಸೆಕೆಂಡು. ನೆಲಮಂಗಲದಿಂದ ಯಶವಂತಪುರದವರೆಗೆ ಮೂವತ್ತು ಮಂದಿ ತೂರಿದರೂ ಒಂದು ನಿಮಿಷ.

ಪಕ್ಕದ ಸಾಲೇ ಯಾವಾಗಲೂ ಬೇಗ ಓಡುತ್ತದೆ ಎಂಬ ಸಂಕಟಕ್ಕೂ ವಿವರಣೆ ಇದೆ. 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡೊನಾಲ್ಡ್ ರೆಡೆಲ್‌ಮಯರ್ ಎಂಬ ವೈದ್ಯರೂ ರಾಬರ್ಟ್ ಟಿಬ್ಶಿರಾನಿ ಎಂಬ ಸಂಖ್ಯಾಶಾಸ್ತ್ರಜ್ಞರೂ ಇದನ್ನು ಬಿಡಿಸಿ ತೋರಿಸಿದರು. ನಮ್ಮ ಸಾಲು ಓಡುವಾಗ ಒತ್ತೊತ್ತಾಗಿ ನಿಂತ ಪಕ್ಕದ ಹತ್ತು ಗಾಡಿಗಳನ್ನು ಕ್ಷಣದಲ್ಲಿ ಹಿಂದೆ ಹಾಕುತ್ತೇವೆ. ಪಕ್ಕದ ಸಾಲು ಓಡುವಾಗ ಅದರ ಗಾಡಿಗಳು ಬಿಡಿಬಿಡಿಯಾಗಿ, ಒಂದೊಂದಾಗಿ, ಬಹಳ ಹೊತ್ತು ನಮ್ಮನ್ನು ದಾಟುತ್ತಲೇ ಇರುತ್ತವೆ. ಒಟ್ಟು ವೇಗ ಎರಡರದ್ದೂ ಸಮವಿದ್ದರೂ ಸೋಲುತ್ತಿರುವ ಹೊತ್ತೇ ಹೆಚ್ಚು. ಜೊತೆಗೆ ನಾವು ಹಿಂದೆ ಹಾಕಿದವರು ಕಣ್ಣಿಗೆ ಮರೆಯಾಗುತ್ತಾರೆ, ನಮ್ಮನ್ನು ಹಿಂದೆ ಹಾಕಿದವರು ಮುಂದೆಯೇ ಕಾಣುತ್ತಿರುತ್ತಾರೆ.

ನಮ್ಮ ಹೆದ್ದಾರಿಗೆ ಜರ್ಮನಿಯ ನಿಯಮವನ್ನು ಹಾಗೆಯೇ ತಂದು ಹೊಂದಿಸಲಾಗದು. ಅಲ್ಲಿ ಹೆಡ್‌ಲೈಟ್ ಮಿಣುಕಿಸಿದರೆ ‘ನೀವು ಬನ್ನಿ’ ಎಂದು ಅರ್ಥಮಾಡಿಕೊಳ್ಳುವವರಿದ್ದಾರೆ. ನಮ್ಮಲ್ಲಿ ಮಿಣುಕಿಸಿದರೆ ‘ನಾನು ಬಂದೆ, ನೀನು ನಿಲ್ಲು’ ಎಂದೇ ಲೆಕ್ಕ. ಅಲ್ಲಿನ ಸಾಲಿನಲ್ಲಿ ಹೆಚ್ಚಿನವು ಕಾರುಗಳು. ಇಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದಿದ್ದರೂ ಅದೇ ನಡೆದಾಡುವ ಇಕ್ಕಟ್ಟು. ಅದಕ್ಕೆಂದೇ ನಮ್ಮ ರಸ್ತೆ ಎಂಜಿನಿಯರುಗಳು ವಾಹನಗಳನ್ನು ತಲೆಗೊಂದರಂತೆ ಎಣಿಸುವುದಿಲ್ಲ. ಕಾರನ್ನು ಒಂದು ಎಂದಿಟ್ಟುಕೊಂಡು ಬೈಕಿಗೆ ಅದಕ್ಕಿಂತ ಕಡಿಮೆ, ಬಸ್ಸು ಲಾರಿಗೆ ಸುಮಾರು ಮೂರು ಎಂದು ಲೆಕ್ಕ ಹಾಕುತ್ತಾರೆ.

ಈ ಲೆಕ್ಕವನ್ನು ಸರದಿಗೂ ತಂದರೆ ಒಂದು ತಕರಾರು ಏಳುತ್ತದೆ. ಒಂದು ಕಾರು, ಒಂದು ಬಸ್ಸು, ಮತ್ತೊಂದು ಕಾರು ಎಂದು ಬಿಡುವುದು ಗಾಡಿಗಳಿಗೆ ನ್ಯಾಯ. ಆದರೆ ಹಬ್ಬದ ಸಂಜೆ ಹಾಸನದಿಂದ ಬಂದ ಕೆಂಪು ಬಸ್ಸು ಮೂರು ಕಾರಿನ ಜಾಗದಲ್ಲಿ ಐವತ್ತು ಜನರನ್ನು, ನಿಂತವರನ್ನು ಸೇರಿಸಿದರೆ ಇನ್ನೂ ಹೆಚ್ಚು ಜನರನ್ನು, ಹೊತ್ತಿರುತ್ತದೆ. ಆ ಮೂರು ಕಾರುಗಳು ಭರ್ತಿ ತುಂಬಿದ್ದರೂ ಹದಿನೈದು. ಜನರನ್ನು ಎಣಿಸುವುದಾದರೆ ಒಂದು ಬಿಟ್ಟು ಒಂದು ಎಂಬ ನಿಯಮವೂ ಸಾಲದು, ಬಸ್ಸು ಸರದಿ ತಪ್ಪಿಸಿಯೇ ಮುಂದೆ ಹೋಗಬೇಕು.