ಹೊಸ ಸೀತಾಳೆಗೆ ಹೆಸರಿಡುವ ಬಗೆ

ರಾಣೆಬೆನ್ನೂರಿನ ಬಯಲಿನಿಂದ ಹಾವೇರಿಯನ್ನು ದಾಟಿ ಹಾನಗಲ್ಲಿನತ್ತ ಸಾಗಿದಂತೆ ಮಳೆ ಹೆಚ್ಚುತ್ತದೆ. ಪಶ್ಚಿಮ ಘಟ್ಟದ ಕಾಡುಗಳು ಸಮೀಪಿಸುತ್ತವೆ. ಅಲ್ಲಿ ಮರದ ಕೊಂಬೆಗಳನ್ನು ಅಪ್ಪಿ ಬೆಳೆಯುವ ಸೀತಾಳೆ ಗಿಡಗಳನ್ನು ನಾವು ಕಾಣುತ್ತೇವೆ. ಇವು ಮರದ ರಸವನ್ನು ಹೀರುವ ಬಂದಳಿಕೆಗಳಲ್ಲ. ತಮ್ಮ ಬೇರುಗಳಿಂದ ಮಳೆಯ ನೀರನ್ನೇ ಹೀರಿ ಬಾಳುತ್ತವೆ. ಇಂಥ ಗಿಡವೊಂದು ಹೊಸ ಜಾತಿಯದೆಂದು ನಿರ್ಣಯಿಸುವುದು ಹೇಗೆ?

ಎಲೆಯನ್ನು ನೋಡಿದರೆ ಸಾಲದು. ಹೂವನ್ನು ಬಿಡಿಸಿ ಪರೀಕ್ಷಿಸಬೇಕು. ತುಟಿಯಂತಿರುವ ಎಸಳು, ಕೇಸರವೂ ಶಲಾಕೆಯೂ ಒಂದಾಗಿ ಬೆಸೆದ ಕಂಬ, ಪರಾಗದ ಮುದ್ದೆಗಳು—ಇವುಗಳನ್ನು ಅಳೆದು, ಸಸ್ಯಸಂಗ್ರಹಾಲಯಗಳಲ್ಲಿ ಒಣಗಿಸಿಟ್ಟ ಮಾದರಿಗಳೊಡನೆ ಹೋಲಿಸಬೇಕು. ಯಾವುದಕ್ಕೂ ಹೊಂದದಿದ್ದಲ್ಲಿ ಹೆಸರನ್ನೂ ವರ್ಣನೆಯನ್ನೂ ಪ್ರಕಟಿಸಿ, ಒಂದು ಮಾದರಿಯನ್ನು ಶಾಶ್ವತ ಸಾಕ್ಷಿಯಾಗಿ ಕಾದಿರಿಸಬೇಕು. ವರ್ಣನೆಯು ಲ್ಯಾಟಿನ್ ಭಾಷೆಯಲ್ಲಿಯೇ ಇರಬೇಕೆಂಬ ನಿಯಮವಿತ್ತು. ೨೦೧೨ರಿಂದ ಇಂಗ್ಲಿಷೂ ಸಲ್ಲುತ್ತದೆ.

ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಶೋಧಿಸಿದ ಸೆಸಿಲ್ ಸಲ್ಡಾನ್ಹಾ ಅವರು ೧೯೭೪ರಲ್ಲಿ ಸೀತಾಳೆಗಳ ಹೊಸ ಕುಲವನ್ನೇ ಸ್ಥಾಪಿಸಿ, ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ನೆನಪಿಗೆ ‘ಸ್ಮಿತ್‌ಸೋನಿಯಾ’ ಎಂದು ಹೆಸರಿಟ್ಟರು. ಅವರು ವರ್ಣಿಸಿದ ಹೊಸ ಜಾತಿ ‘ಸ್ಟ್ರಾಮಿನಿಯಾ’. ಲ್ಯಾಟಿನ್ನಿನಲ್ಲಿ ಒಣಹುಲ್ಲಿನ ಬಣ್ಣದ್ದೆಂದು ಅದರ ಅರ್ಥ. ೧೯ನೆಯ ಶತಮಾನದಲ್ಲಿಯೇ ಡಾಲ್ಜೆಲ್ ವರ್ಣಿಸಿದ್ದ ಎರಡು ಸೀತಾಳೆಗಳನ್ನೂ ಅವರು ಇದೇ ಕುಲಕ್ಕೆ ಸೇರಿಸಿದರು.

ಹೆಸರಿಡುವುದು ಪಂಡಿತರ ವಿನೋದವಲ್ಲ. ಆಶ್ರಯದ ಮರ ಉರುಳಿದರೆ ಅದರ ಮೇಲಿನ ಸೀತಾಳೆಯೂ ಅಳಿಯುತ್ತದೆ. ಹೆಸರಿಲ್ಲದ ಜಾತಿಯೊಂದು ಹೀಗೆ ನಾಶವಾದರೆ, ನಾವು ಕಳೆದುಕೊಂಡದ್ದೇನೆಂಬುದೂ ನಮಗೆ ತಿಳಿಯದು.