ಮೂಕಚಿತ್ರ 'ವಸಂತಸೇನಾ' ಮತ್ತು ಆರ್ಯಕನ ಪಲಾಯನ ಪ್ರಸಂಗ

ಕರ್ನಾಟಕದ ಚಲನಚಿತ್ರ ಚರಿತ್ರೆಯ ಆರಂಭಘಟ್ಟವನ್ನು ಕುರಿತ ಬರಹಗಳಲ್ಲಿ 'ವಸಂತಸೇನಾ' ಮೂಕಚಿತ್ರದ ಉಲ್ಲೇಖ ಬರುತ್ತದೆ. 1930ರ ಆಸುಪಾಸಿನಲ್ಲಿ ಮೋಹನ್ ಭವನಾನಿ ನಿರ್ದೇಶಿಸಿದ ಈ ಚಿತ್ರಕ್ಕೆ ಶೂದ್ರಕನ 'ಮೃಚ್ಛಕಟಿಕ' ಆಧಾರ. ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ, ಟಿ.ಪಿ. ಕೈಲಾಸಂ ಇದರಲ್ಲಿ ಅಭಿನಯಿಸಿದ್ದರು. ಭಾರತದ ಬಹುಪಾಲು ಮೂಕಚಿತ್ರಗಳಂತೆ ಇದೂ ಕಳೆದುಹೋಗಿದೆ. ಹೀಗಾಗಿ ಮೂಲ ನಾಟಕವು ಮೂಕ ಮಾಧ್ಯಮಕ್ಕೆ ಒಡ್ಡುವ ಸಮಸ್ಯೆಯನ್ನು ಗುರುತಿಸುವುದು ಅಧ್ಯಯನಕ್ಕೆ ಉಳಿದಿರುವ ಒಂದು ಮಾರ್ಗ.

ಈ ದೃಷ್ಟಿಯಿಂದ ಆರನೆಯ ಅಂಕ ಮುಖ್ಯವಾದುದು. ಗೋವಳರ ಹುಡುಗ ಆರ್ಯಕ ರಾಜನಾಗುವನೆಂಬ ಭವಿಷ್ಯವಾಣಿಗೆ ಹೆದರಿ ಪಾಲಕರಾಜ ಅವನನ್ನು ಸೆರೆಯಲ್ಲಿಡುತ್ತಾನೆ. ಸೆರೆಯೊಡೆದು ಬಂದ ಆರ್ಯಕ, ಕಾಲಿನಲ್ಲಿ ಸಂಕೋಲೆ ಇರುವಂತೆಯೇ, ಚಾರುದತ್ತನ ಬಂಡಿಯನ್ನು ಏರುತ್ತಾನೆ. ಸಂಕೋಲೆಯ ಸದ್ದನ್ನು ಬಂಡಿಯವನು ವಸಂತಸೇನೆಯ ನೂಪುರದ ದನಿಯೆಂದು ಭಾವಿಸುತ್ತಾನೆ. ಕಾವಲಿನ ಚಂದನಕ ಬಂಡಿಯೊಳಗೆ ಇಣುಕಿ ಆರ್ಯಕನಿಗೆ ಅಭಯವಿತ್ತರೂ, ಹೊರಬಂದು ಮಾತನಾಡುವಾಗ ಬಾಯಿತಪ್ಪಿ ಪುಲ್ಲಿಂಗ ಬಳಸಿ, ಒಡನೆಯೇ ಸ್ತ್ರೀಲಿಂಗಕ್ಕೆ ತಿದ್ದಿಕೊಳ್ಳುತ್ತಾನೆ. ಜೊತೆಗಾರ ವೀರಕ ಸಂಶಯಪಟ್ಟಾಗ, ದಾಕ್ಷಿಣಾತ್ಯರ ಮಾತು ಅಸ್ಪಷ್ಟವೆಂದು ಸಮರ್ಥಿಸಿಕೊಳ್ಳುತ್ತಾನೆ. ಅಷ್ಟಕ್ಕೂ ವೀರಕ ಬಿಡದಿದ್ದಾಗ ಬೇಕೆಂದೇ ಜಗಳ ತೆಗೆಯುತ್ತಾನೆ; ಅದನ್ನು ಅವನೇ 'ಕರ್ಣಾಟ ಕಲಹ'ವೆಂದು ಹೆಸರಿಸುತ್ತಾನೆ.

ಹೀಗೆ ಇಡೀ ಪಲಾಯನ ನಿಂತಿರುವುದು ಕಿವಿಯ ಮೇಲೆ. ಸಂಕೋಲೆಯನ್ನು ಪರದೆಯ ಮೇಲೆ ತೋರಿಸಬಹುದು. ಆದರೆ ಅದರ ದನಿ ನೂಪುರದಂತೆ ಕೇಳಿತೆಂಬುದನ್ನು ಬರಹಫಲಕವೇ ಹೇಳಬೇಕಾಗುತ್ತದೆ. ಲಿಂಗದ ತಪ್ಪಾಗಲಿ, ದಕ್ಷಿಣದ ಉಚ್ಚಾರಣೆಯಾಗಲಿ ದೃಶ್ಯಕ್ಕೆ ಒಗ್ಗುವುದಿಲ್ಲ. ಮಾತಿನ ಮೋಡಿಗೆ ಹೆಸರಾದ ಕೈಲಾಸಂ ಮಾತಿಲ್ಲದ ಚಿತ್ರದಲ್ಲಿ ನಟಿಸಿದುದೂ ಈ ವಿಪರ್ಯಾಸಕ್ಕೆ ಸೇರಿಕೊಳ್ಳುತ್ತದೆ.

ಕಾಲದ ಸಂದರ್ಭವೂ ಗಮನಾರ್ಹ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕಮಲಾದೇವಿಯವರು ಸೆರೆವಾಸ ಅನುಭವಿಸಿದರು. ಸೆರೆಮನೆ ಗೌರವದ ತಾಣವಾಗುತ್ತಿದ್ದ ಆ ವರ್ಷಗಳಲ್ಲಿ, ಸಂಕೋಲೆ ತೊಟ್ಟವನು ಕೊನೆಗೆ ಅರಸನಾಗುವ ಕಥೆಗೆ ಹೊಸ ಅರ್ಥ ಒದಗುವ ಅವಕಾಶವಿತ್ತು.

ಈ ಚಿತ್ರವನ್ನು ಕನ್ನಡದ ಮೊದಲ ಮೂಕಚಿತ್ರವೆಂದು ಕರೆಯುವ ರೂಢಿಯಿದೆ. ಮೂಲದ ಈ ಸನ್ನಿವೇಶದಲ್ಲಿ ಕರ್ಣಾಟವು ಕಾಣಿಸಿಕೊಳ್ಳುವುದು ಜಗಳದ ದನಿಯಾಗಿ. ಮೂಕಚಿತ್ರ ಮೊದಲು ಕೈಬಿಡಬೇಕಾದುದೂ ಅದನ್ನೇ. ಆದುದರಿಂದ ಚಿತ್ರದ ಕನ್ನಡತನವನ್ನು ನಟವರ್ಗದಲ್ಲಿ ಅರಸುವುದು ಸಾಧ್ಯವೇ ಹೊರತು ಭಾಷೆಯಲ್ಲಿ ಅಲ್ಲ. ಕನ್ನಡದ ದನಿ ತೆರೆಗೆ ಬರಲು 1934ರ 'ಸತಿ ಸುಲೋಚನ'ದವರೆಗೆ ಕಾಯಬೇಕಾಯಿತು. 'ಮೊದಲ ಕನ್ನಡ ಚಿತ್ರ' ಎಂಬ ಪದವನ್ನು ಚರಿತ್ರಕಾರರು ಬಳಸುವಾಗ ಈ ಅಂತರವನ್ನು ಲಕ್ಷಿಸುವುದು ಅಗತ್ಯ.