ಘಟ್ಟದ ಹಾದಿಗೆ ಹದವಾದ ಮಿಶ್ರಣ

ಕರಾವಳಿಯಿಂದ ಹೊರಟ ಕಾರು ಶಿರಸಿ, ಸಿದ್ದಾಪುರ, ಯಲ್ಲಾಪುರಗಳನ್ನು ಸೇರಬೇಕಾದರೆ ಘಟ್ಟವನ್ನೇರದೆ ವಿಧಿಯಿಲ್ಲ. ಕುಮಟೆಯಿಂದ ಶಿರಸಿಗೆ ದೇವಿಮನೆ ಘಟ್ಟ, ಸಿದ್ದಾಪುರಕ್ಕೆ ದೊಡ್ಮನೆ ಘಟ್ಟ. ಅಂಕೋಲೆಯಿಂದ ಯಲ್ಲಾಪುರಕ್ಕೆ ಅರಬೈಲು ಘಟ್ಟ. ಬಯಲಿನಲ್ಲಿ ಸೊಗಸಾಗಿ ಓಡಿದ ಹಳೆಯ ಅಂಬಾಸಿಡರ್ ಇಲ್ಲವೆ ಪ್ರೀಮಿಯರ್ ಪದ್ಮಿನಿ ಈ ಏರಿನಲ್ಲಿ ಮುಗ್ಗರಿಸಿತೆಂದರೆ, ಅನೇಕ ವೇಳೆ ದೋಷವಿರುವುದು ಅದು ಸೇವಿಸುವ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣದಲ್ಲಿ.

ಮಲೆನಾಡಿನ ಆಲೆಮನೆಯನ್ನು ಕಂಡವರಿಗೆ ಇದರ ಮರ್ಮ ಹೊಸದಲ್ಲ. ಗಾಳಿಗೆ ಎಡೆಯಿಲ್ಲದಂತೆ ಒಲೆಗೆ ಕಟ್ಟಿಗೆ ತುರುಕಿದರೆ ಬರಿಯ ಹೊಗೆ. ಕಟ್ಟಿಗೆ ಸಾಲದಾದರೆ ಕೊಪ್ಪರಿಗೆಯ ಕಬ್ಬಿನ ಹಾಲು ಕುದಿಯದು. ಎಂಜಿನಿನ ಒಳಗಣ ಬೆಂಕಿಗೂ ಇದೇ ನಿಯಮ. ಒಂದು ತೂಕ ಪೆಟ್ರೋಲು ಪೂರ್ಣವಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಗಾಳಿ 12.5ರಿಂದ 13ರಷ್ಟಿದ್ದಾಗ ಎಂಜಿನ್ ತನ್ನ ಪೂರ್ಣ ಬಲವನ್ನು ತೋರುತ್ತದೆ, 15.5ರಿಂದ 16ರಷ್ಟಿದ್ದಾಗ ಮಿತವ್ಯಯಿಯಾಗುತ್ತದೆ. ಬಲ ಮತ್ತು ಉಳಿತಾಯಗಳೆರಡೂ ಒಂದೇ ಬಿಂದುವಿನಲ್ಲಿ ದೊರೆಯವೆಂಬುದೇ ಇಲ್ಲಿನ ತೊಡಕು.

ಈ ಹದವನ್ನು ಕಾಯುವ ಸಾಧನವೇ ಕಾರ್ಬುರೇಟರ್. ವಿಲ್ಹೆಲ್ಮ್ ಮೇಬಾಕ್ 1893ರಲ್ಲಿ ರೂಪಿಸಿದ ತುಂತುರು ಕಾರ್ಬುರೇಟರ್ ಮುಂದಿನವುಗಳಿಗೆ ಮೇಲ್ಪಂಕ್ತಿಯಾಯಿತು. ಕಿರಿದಾದ ಕೊರಳಿನಲ್ಲಿ ಗಾಳಿ ರಭಸದಿಂದ ನುಗ್ಗುವಾಗ ಅಲ್ಲಿ ಒತ್ತಡ ಕುಗ್ಗಿ, ಜೆಟ್ಟಿನ ಸಣ್ಣ ರಂಧ್ರದಿಂದ ಪೆಟ್ರೋಲು ಚಿಮ್ಮುತ್ತದೆ.

ಹೆಚ್ಚು ಮೈಲೇಜಿನ ಆಸೆಯಿಂದ ಈ ಜೆಟ್ಟನ್ನು ತೆಗೆದು ಇನ್ನೂ ಕಿರಿದಾದುದನ್ನು ಹಾಕಿಸುವವರಿದ್ದಾರೆ. ಸಮತಟ್ಟಾದ ರಸ್ತೆಯಲ್ಲಿ ನಾಲ್ಕು ಕಾಸು ಉಳಿದಂತೆ ತೋರೀತು. ಆದರೆ ಅರಬೈಲಿನ ಏರಿನಲ್ಲಿ, ಮುಂದಿನ ಲಾರಿಯನ್ನು ದಾಟಲು ಕಾಲೊತ್ತಿದ ಕ್ಷಣದಲ್ಲಿ, ತೆಳುವಾದ ಮಿಶ್ರಣ ಕೈಕೊಡುತ್ತದೆ. ಎಂಜಿನ್ ಕೆಮ್ಮಿ ತಡವರಿಸುತ್ತದೆ. ಎದುರಿನಿಂದ ಬಸ್ಸು ಬರುತ್ತಿರುವಾಗ ಆ ಒಂದೆರಡು ಕ್ಷಣದ ಬೆಲೆ ಎಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಭಾರ ಹೊತ್ತು ಏರುವಾಗ ತೆಳು ಮಿಶ್ರಣದಿಂದ ತಾಪವೇರಿ ವಾಲ್ವುಗಳು ಸುಡುವ ಭಯವೂ ಉಂಟು.

ಎತ್ತರದ ಪ್ರಭಾವವನ್ನೂ ಮರೆಯಲಾಗದು. ಸುಮಾರು 590 ಮೀಟರ್ ಎತ್ತರದ ಶಿರಸಿಯಲ್ಲಿ ಗಾಳಿಯ ಸಾಂದ್ರತೆ ಕಡಲತೀರಕ್ಕಿಂತ ಶೇಕಡಾ 5ರಷ್ಟು ಕಡಿಮೆ. ಆದುದರಿಂದ ಕುಮಟೆಯಲ್ಲಿ ಹದಗೊಳಿಸಿದ ಮಿಶ್ರಣ ಇಲ್ಲಿ ತುಸು ದಪ್ಪವಾಗುತ್ತದೆ. ಇದಕ್ಕೆ ವಿರುದ್ಧವಾದುದು ಎಥನಾಲಿನ ಪರಿಣಾಮ. ಭಾರತದ ಪೆಟ್ರೋಲಿನಲ್ಲಿ ಅದರ ಬೆರಕೆ 2025ರಲ್ಲಿ ಶೇಕಡಾ 20ನ್ನು ಮುಟ್ಟಿತು. ಇಂತಹ ಇಂಧನ ಪೂರ್ಣವಾಗಿ ಉರಿಯಲು ಸುಮಾರು 13.5 ತೂಕ ಗಾಳಿಯೇ ಸಾಕು. ಶುದ್ಧ ಪೆಟ್ರೋಲಿಗೆಂದು ಹೊಂದಿಸಿದ ಹಳೆಯ ಕಾರ್ಬುರೇಟರಿನಲ್ಲಿ ಇದರಿಂದ ಮಿಶ್ರಣ ತಾನಾಗಿಯೇ ತೆಳುವಾಗುತ್ತದೆ; ಅದನ್ನು ಇನ್ನೂ ತೆಳುಮಾಡುವುದು ಅವಿವೇಕ.

ಹದವನ್ನರಿಯಲು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಕ್ಷೇಮ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಬೂದಿಯಂತೆ ಬಿಳಿಚಿದ್ದರೆ ಕಡಿಮೆ. ಹೊಂದಿಸುವ ಮೊದಲು ಗಾಳಿಯ ಫಿಲ್ಟರನ್ನು ಶುಚಿಮಾಡಿ, ಪ್ಲಗ್ಗಿನ ಅಂತರವನ್ನೂ ಕಿಡಿಯ ಕಾಲವನ್ನೂ ಸರಿಪಡಿಸಿ, ಎಂಜಿನನ್ನು ಚೆನ್ನಾಗಿ ಬಿಸಿಮಾಡಬೇಕು. ಅನಂತರ ಮಿಶ್ರಣದ ಸ್ಕ್ರೂವನ್ನು ಮೆಲ್ಲನೆ ತಿರುಗಿಸುತ್ತ, ಎಂಜಿನ್ ನಡುಗದೆ ಅತ್ಯಂತ ಸಮವಾಗಿ ತಿರುಗುವ ಸ್ಥಾನದಲ್ಲಿ ನಿಲ್ಲಿಸಬೇಕು. ಈ ಸ್ಕ್ರೂವಿನ ಅಧಿಕಾರವೆಲ್ಲ ನಿಂತ ಎಂಜಿನಿಗೂ ನಿಧಾನದ ಓಟಕ್ಕೂ ಮಾತ್ರ. ಏರಿನ ಓಟವನ್ನು ಆಳುವುದು ಮುಖ್ಯ ಜೆಟ್. ಅದು ತಯಾರಕರು ಹೇಳಿದ ಅಳತೆಯಲ್ಲೇ ಇರಲಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಈ ಕೆಲಸ ಸಲ್ಲದು: ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುವ ವಿಷ.

ಹೊಸ ಕಾರುಗಳಲ್ಲಿ ಈ ಗೋಜಿಲ್ಲ. ಹೊಗೆಕೊಳವೆಯಲ್ಲಿರುವ ಆಮ್ಲಜನಕ ಸಂವೇದಕದ ಸೂಚನೆಯಂತೆ ಗಣಕವೇ ಪೆಟ್ರೋಲನ್ನು ಅಳೆದು ಕೊಡುತ್ತದೆ. ಇಳಿಜಾರಿನಲ್ಲಿ ಗೇರಿನಲ್ಲಿದ್ದಾಗಲೇ ಕಾಲು ತೆಗೆದರೆ ಅದು ಪೆಟ್ರೋಲನ್ನು ಪೂರ್ತಿ ನಿಲ್ಲಿಸಲೂ ಬಲ್ಲದು. ಹೀಗಿರುವಾಗ ಉಳಿತಾಯಕ್ಕೆಂದು ದೇವಿಮನೆಯನ್ನು ನ್ಯೂಟ್ರಲ್ಲಿನಲ್ಲಿ ಇಳಿಯುವವರಿಗೆ ಪೆಟ್ರೋಲೂ ಉಳಿಯದು. ಎಂಜಿನಿನ ಹಿಡಿತ ತಪ್ಪಿ, ಭಾರವೆಲ್ಲ ಕಾದ ಬ್ರೇಕುಗಳ ಮೇಲೆ ಬೀಳುವುದು.

ಕಾರು ಹಳೆಯದಿರಲಿ, ಹೊಸದಿರಲಿ, ನಿಜವಾದ ಉಳಿತಾಯವಿರುವುದು ಶುಚಿಯಾದ ಫಿಲ್ಟರಿನಲ್ಲಿ, ಗಾಳಿ ಸರಿಯಾಗಿರುವ ಟೈರಿನಲ್ಲಿ, ಸಕಾಲಕ್ಕೆ ಬದಲಿಸಿದ ಗೇರಿನಲ್ಲಿ ಮತ್ತು ಆತುರಪಡದ ಪಾದದಲ್ಲಿ.